ಹಿಂದಿನ ಎಡಚಕ್ರದ ನಡುಕ

ನಮ್ಮ ಕಾರು ನಡುಗುತ್ತದೆಂದು ಮೊದಲು ಹೇಳಿದ್ದು ಓಡಿಸುವ ನಾನಲ್ಲ, ಹಿಂದೆ ಕೂರುವ ಅತ್ತೆ. ತಿಂಗಳಿಗೊಮ್ಮೆ ಅವರ ಕಣ್ಣಿಗೆ ಇಂಜೆಕ್ಷನ್. ಡೊಂಬಿವಲಿಯಿಂದ ನೆರೂಳಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುವುದು. ಎಡಬಾಗಿಲಿನಿಂದ ಹತ್ತಿ ಅಲ್ಲೇ ಕೂತು, ತೊಡೆಯ ಮೇಲೆ ಸ್ಟೀಲಿನ ಡಬ್ಬಿ ಇಟ್ಟುಕೊಳ್ಳುತ್ತಾರೆ. ಡಬ್ಬಿಯಲ್ಲಿ ನಾಲ್ಕು ಇಡ್ಲಿ. ಮಾವ ಮೂವತ್ತು ವರ್ಷ ಹೋಟೆಲು ನಡೆಸಿದವರು; ಅವರ ಹೆಂಡತಿಗೆ ಬೇರೆಯವರ ಇಡ್ಲಿಯ ಮೇಲೆ ನಂಬಿಕೆ ಬರುವುದು ಕಷ್ಟ.

ಮಳೆಗಾಲದಲ್ಲಿ ಅತ್ತೆಯೂ ನಾನೂ ಮೂರು ವಾರ ಊರಿಗೆ ಹೋಗಿ ಬಂದ ಮೇಲಿನ ಮೊದಲ ಇಂಜೆಕ್ಷನ್ ಅದು. ಶಿಳ್‌ಫಾಟಾದ ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದೆ. ಹಿಂದಿನಿಂದ ಡಬ್ಬಿಯ ಮುಚ್ಚಳ ಟರಟರ ಅಂದಿತು.

“ಎಂತ ಮಗಾ, ಸೀಟಿನಡಿ ಗ್ರೈಂಡರ್ ಇಟ್ಟಿದ್ದೀಯಾ?”

“ರಸ್ತೆ ಹಾಗೆ ಉಂಟು ಅತ್ತೆ.”

“ರಸ್ತೆಯಾದರೆ ಯಾವಾಗಲೂ ಆಗಬೇಕಲ್ಲ? ಇದು ನೀನು ನಿಲ್ಲಿಸುವಾಗ ಮಾತ್ರ.”

ಕಣ್ಣು ಮಂಜಾದವರಿಗೆ ಮೈಯೆಲ್ಲ ಕಿವಿ. ಅವರು ಹೇಳಿದ ಮೇಲೆ ನನಗೂ ಸೀಟಿನಿಂದ ಆ ನಡುಕ ಗೊತ್ತಾಗತೊಡಗಿತು.

ಭಾನುವಾರ ಇವರು, ನನ್ನ ಗಂಡ, ಓಡಿಸಿ ನೋಡಿ, ಮುಖ ಗಂಟಿಕ್ಕಿಕೊಂಡು ಗ್ಯಾರೇಜಿಗೆ ಕೊಟ್ಟು ಬಂದರು. ನಮ್ಮ ಮೆಕ್ಯಾನಿಕ್ ವಿಜಯಪುರದ ಕಡೆಯವನು, ಒಳ್ಳೆಯ ಕೆಲಸಗಾರ, ಆದರೆ ಗಿರಾಕಿಯ ಮಾತು ಮುಗಿಯುವ ಮೊದಲೇ ಸ್ಪ್ಯಾನರ್ ಎತ್ತುವವನು. ಮುಂದಿನ ಚಕ್ರಗಳ ಡಿಸ್ಕಿಗೆ ಸಾಣೆ ಹಿಡಿಸಿದ, ವೀಲ್ ಬ್ಯಾಲೆನ್ಸ್ ಮಾಡಿಸಿ, ಸರಿಯಾಯ್ತು ಅಂದ. ಮೂರು ವಾರ ಕಳೆದರೂ ನಡುಕ ಹೋಗಲಿಲ್ಲ. “ಗಾಡಿಗೆ ವಯಸ್ಸಾಗೇತ್ರೀ” ಅಂದುಬಿಟ್ಟ.

ಹದಿಮೂರು ವರ್ಷದ ಕಾರು. ಇವರಿಗೆ ಅಷ್ಟು ಸಾಕಾಯಿತು. “ಬ್ರೇಕಿನ ವಿಷಯದಲ್ಲಿ ತಮಾಷೆ ಇಲ್ಲ. ಅಂಬರನಾಥದ ಹಳೆ ಕಾರಿನ ಏಜೆಂಟ್ ಭಾನುವಾರ ಮಧ್ಯಾಹ್ನ ಬರ್ತಾನೆ. ಕೊಟ್ಟುಬಿಡುವ. ದೀಪಾವಳಿ ಕಳೆದ ಮೇಲೆ ಹೊಸತು ನೋಡಿದರಾಯ್ತು.”

“ಅಲ್ಲಿಯವರೆಗೆ ಅತ್ತೆ?”

“ಕ್ಯಾಬ್ ಉಂಟಲ್ಲ!”

ಕ್ಯಾಬ್ ಇತ್ತು, ಕಳೆದ ವರ್ಷವೂ ಇತ್ತು. ಒಮ್ಮೆ ನಮ್ಮ ಕಾರು ರಿಪೇರಿಗೆ ಹೋಗಿದ್ದಾಗ ಬಂದ ಬಾಡಿಗೆ ಗಾಡಿ ಎತ್ತರದ್ದು. ಅತ್ತೆಯ ಮಂಡಿ ಮಡಚಲಿಲ್ಲ. ಡ್ರೈವರ್ ಮೊಬೈಲು ನೋಡುತ್ತ ಕೂತ. ಎರಡು ಸಲ ಕಾಲೆತ್ತಿ, ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರೆಲ್ಲ ನೋಡುತ್ತಿದ್ದಾರೆಂದು ನಾಚಿ, ಅವರು ಗೇಟಿನಿಂದಲೇ ವಾಪಸು ಬಂದರು. ಆ ತಿಂಗಳು ಇಂಜೆಕ್ಷನ್ ತಪ್ಪಿತು. ಮುಂದಿನ ತಿಂಗಳಿಗೆ ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕೆಗಳು ಅವರಿಗೆ ಕಾಣದಾದವು. ಆಮೇಲೂ ತಿರುಗಿ ಕಾಣಲಿಲ್ಲ. ಈಗ ಬರುವ ಮಂಗಳವಾರವೇ ಇಂಜೆಕ್ಷನ್. ಕಾರು ಹೋಗುವುದು ಭಾನುವಾರ. ನನ್ನ ಕೈಯಲ್ಲಿ ನಾಲ್ಕು ದಿನ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ನಮ್ಮ ಹೊಲಿಗೆಯ ಸಿಸ್ಟರ್, ಬಟ್ಟೆ ಸುಕ್ಕುಗಟ್ಟಿದರೆ ಇಡೀ ಹೊಲಿಗೆ ಬಿಚ್ಚಲು ಬಿಡುತ್ತಿರಲಿಲ್ಲ. “ಸುಕ್ಕು ಎಲ್ಲಿ ಶುರುವಾಯ್ತು, ಬೆರಳಾಡಿಸಿ ಹುಡುಕು” ಎನ್ನುತ್ತಿದ್ದರು. ಕಾರಿಗೂ ಅದೇ ಸರಿ ಅನ್ನಿಸಿತು. ಕಲ್ಯಾಣದಲ್ಲಿ ನನಗೆ ಡ್ರೈವಿಂಗ್ ಕಲಿಸಿದ ಮಾಸ್ತರರು ಒಂದು ಮಾತು ಹೇಳಿದ್ದರು: ನಿಮ್ಮ ಈ ಗಾಡಿಯಲ್ಲಿ ಕಾಲಿನ ಬ್ರೇಕು ನಾಲ್ಕೂ ಗಾಲಿ ಹಿಡಿಯುತ್ತದೆ, ಹ್ಯಾಂಡ್‌ಬ್ರೇಕು ಹಿಂದಿನ ಎರಡನ್ನು ಮಾತ್ರ. ಹಾಗಾದರೆ ಹ್ಯಾಂಡ್‌ಬ್ರೇಕ್ ಒಂದನ್ನೇ ಎಳೆದು ನೋಡಿದರೆ?

ಶುಕ್ರವಾರ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ವಾರದ ರಜೆ. ಒಳಗಿನ ರಸ್ತೆಗಳಲ್ಲಿ ಟ್ಯಾಂಕರ್ ಇರುವುದಿಲ್ಲ. ಇವರು ಲೋಕಲ್ ರೈಲು ಹಿಡಿಯಲು ಹೊರಟ ಮೇಲೆ ಅತ್ತೆಯನ್ನು ಎಬ್ಬಿಸಿದೆ.

“ಇವತ್ತು ಆಸ್ಪತ್ರೆ ಉಂಟಾ?”

“ನಿಮಗಲ್ಲ, ಕಾರಿಗೆ. ನೀವೇ ಡಾಕ್ಟರು. ಡಬ್ಬಿ ತೆಗೆದುಕೊಳ್ಳಿ.”

“ಇಡ್ಲಿ ಹಾಕಲಾ?”

“ಖಾಲಿ ಸಾಕು.”

“ಖಾಲಿ ಡಬ್ಬಿ ಹಿಡಿದು ಹೊರಡಬಾರದು ಮಾರಾಯ್ತಿ,” ಎಂದು ಎರಡು ಚಕ್ಕುಲಿ ಹಾಕಿಕೊಂಡರು.

ಉದ್ದದ ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲ. ಮೊದಲು ಸ್ಟಿಯರಿಂಗನ್ನು ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದು ಕಾಲಿನ ಬ್ರೇಕ್ ಒತ್ತಿದೆ. ಬೆರಳಿಗೆ ಏನೂ ತಿಳಿಯಲಿಲ್ಲ; ಸೀಟು ನಡುಗಿತು, ಡಬ್ಬಿ ಟರಟರ ಅಂದಿತು. ಮುಂದಿನ ಚಕ್ರದ ದೋಷವಾದರೆ ಮೊದಲು ಕೈಗೆ ತಿಳಿಯಬೇಕಿತ್ತು. ಆಮೇಲೆ ನಿಧಾನದ ವೇಗದಲ್ಲಿ ಕಾಲು ತೆಗೆದು, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ, ಎಳೆನೀರಿನಿಂದ ಸ್ಟ್ರಾ ಎಳೆಯುವಷ್ಟು ಮೆಲ್ಲಗೆ ಮೇಲೆತ್ತಿದೆ.

ಟರಟರಟರ.

“ಅದೇ!” ಅತ್ತೆ ಕೂಗಿದರು. “ನನ್ನ ಸೊಂಟದ ಕೆಳಗೇ!”

“ಈಗ ಬಲಗಡೆ ಕೂತುಕೊಳ್ಳಿ.”

ನಿಲ್ಲಿಸಿದೆ. ಅವರು ಸರಿದು ಕೂತರು. ಮತ್ತೊಮ್ಮೆ ಎಳೆದೆ.

“ಈಗ ದೂರ ಹೋಯ್ತು. ಪಕ್ಕದ ಮನೆಯ ಗ್ರೈಂಡರಿನ ಹಾಗೆ.”

ಅಷ್ಟೇ ಬೇಕಿತ್ತು. ಅಲ್ಲಿಂದ ನೇರ ಗ್ಯಾರೇಜಿಗೆ.

“ಹಿಂದಿನ ಎಡಚಕ್ರ. ಡ್ರಮ್ ಬಿಚ್ಚಿ ನೋಡಬೇಕು,” ಎಂದೆ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನಕ್ಕ. “ಅಕ್ಕಾರ, ಸಾರಿಗೆ ಉಪ್ಪೆಷ್ಟು ಅನ್ನೂದು ನೀವು ಹೇಳ್ರಿ. ಬ್ರೇಕಿಂದು ನನಗ ಬಿಡ್ರಿ.”

“ಉಪ್ಪು ರುಚಿ ನೋಡಿದ ಮೇಲೆ ಹೇಳುವುದು. ನೀವು ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದೀರಾ?”

“ನಾ ಯಾಕ್ ಹಿಂದ ಕೂಡ್ಲಿ? ನಾ ಓಡ್ಸಾಂವ!”

“ಅದಕ್ಕೇ ಗೊತ್ತಾಗಲಿಲ್ಲ,” ಎಂದರು ಅತ್ತೆ ಒಳಗಿನಿಂದ, ಚಕ್ಕುಲಿ ಮುರಿಯುತ್ತ.

ಅವನು ಕೈ ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಅತ್ತೆಗೆ ಸ್ಟೂಲ್ ಹಾಕಿ ಇಳಿಸಿ, ಜಾಕ್ ಕೊಟ್ಟ. ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಮಾತ್ರ ಎಳೆದು ಚಕ್ರವನ್ನು ಕೈಯಿಂದ ತಿರುಗಿಸಿದ. ಸುಮ್ಮನೆ ತಿರುಗಿ, ಒಂದು ಕಡೆ ಮಾತ್ರ ‘ಶ್ರ್’ ಎಂದು ಉಜ್ಜಿತು. ಮತ್ತೆ ಸುಮ್ಮನೆ, ಮತ್ತೆ ಅದೇ ಜಾಗದಲ್ಲಿ ‘ಶ್ರ್’. ಅವನ ನಗು ನಿಂತಿತು. ಚಕ್ರ ಕಳಚಿ, ಸುತ್ತಿಗೆಯಿಂದ ಮೆಲ್ಲಗೆ ಬಡಿಬಡಿದು ಡ್ರಮ್ ಹೊರತೆಗೆದ. ಎರಕದ ಕಬ್ಬಿಣದ, ಪಾತ್ರೆಯಂಥ ವಸ್ತು ಅದು. ಒಳಗೆ ಬಿಲ್ಲಿನಾಕಾರದ ಎರಡು ಬ್ರೇಕ್ ಶೂಗಳು ಅಗಲಿ ಅದರ ಗೋಡೆಯನ್ನು ಒತ್ತಿದಾಗ ಚಕ್ರ ನಿಲ್ಲುತ್ತದೆ. ಆ ಗೋಡೆ ಉಳಿದ ಕಡೆ ಹೊಳೆಯುತ್ತಿತ್ತು. ಒಂದು ಕಡೆ ಮಾತ್ರ, ಶೂ ಎಷ್ಟುದ್ದವೋ ಅಷ್ಟೇ ಉದ್ದದ, ಅಂಚು ಕೊರೆದಂಥ ಕಂದು ಕಲೆ.

ನನಗೆ ಆ ಕಲೆ ಗೊತ್ತಿತ್ತು. ಕಬ್ಬಿಣದ ದೋಸೆ ಕಾವಲಿಯನ್ನು ತೊಳೆದು, ಒರೆಸದೆ, ಅದರ ಮೇಲೆ ಒದ್ದೆ ಬಟ್ಟೆ ಮರೆತರೆ ಬೆಳಿಗ್ಗೆ ಬಟ್ಟೆಯ ಆಕಾರದಲ್ಲೇ ತುಕ್ಕು ಕೂತಿರುತ್ತದೆ. ಮುಟ್ಟಿದರೆ ಉಬ್ಬು ಕೈಗೆ ಸಿಗುತ್ತದೆ. ಇಲ್ಲೂ ಬೆರಳಾಡಿಸಿದೆ. ಸಿಕ್ಕಿತು.

“ಗಾಡಿ ಭಾಳ ದಿನ ನಿಂತಿತ್ತೇನ್ರೀ, ಹ್ಯಾಂಡ್‌ಬ್ರೇಕ್ ಎಳದ್ಹಂಗ?” ಅವನು ಕೇಳಿದ. “ತೊಯ್ದ ಶೂ ಡ್ರಮ್ಮಿಗೆ ಅಂಟಿ ಹಿಂಗ ತುಕ್ಕು ಹಿಡೀತೈತಿ.”

ಆಗ ನೆನಪಾಯಿತು, ಒಂದೊಂದೂ. ನಮ್ಮ ಸೊಸೈಟಿಯ ಪಾರ್ಕಿಂಗ್ ಗೇಟಿನ ಕಡೆಗೆ ಇಳಿಜಾರು. ವಾಚ್‌ಮನ್ ಕಾಕಾ ಪ್ರತಿ ಗಾಡಿಯ ಟಯರಿಗೂ ಅಡ್ಡವಾಗಿ ಒಂದು ಇಟ್ಟಿಗೆ ಇಡುತ್ತಿದ್ದರು. ನಮ್ಮ ಕಾರಿನದು ಒಡೆದ, ಪಾಚಿಗಟ್ಟಿದ ಇಟ್ಟಿಗೆ. ಕಣ್ಣಿಗೆ ಹಿತವಿಲ್ಲವೆಂದು ನಾನೇ ಅದನ್ನು ತೆಗೆಸಿದ್ದೆ. ಊರಿಗೆ ಹೊರಡುವ ಹಿಂದಿನ ಸಂಜೆ ಕಾರನ್ನು ಚಕ್ರ ಸಮೇತ ತೊಳೆದು, ಇಟ್ಟಿಗೆ ಇಲ್ಲವಲ್ಲ ಎಂದು ಹ್ಯಾಂಡ್‌ಬ್ರೇಕನ್ನು ಎರಡು ಕೈಯಲ್ಲಿ ಬಿಗಿದಿದ್ದೆ. ಮೂರು ವಾರದ ಮಳೆಯ ನಂತರ ಮೊದಲ ಸಲ ತೆಗೆಯುವಾಗ ಹಿಂದಿನಿಂದ ‘ಟಕ್’ ಎಂದು ಏನೋ ಬಿಟ್ಟುಕೊಂಡ ಸದ್ದು. ಕೇಳಿಸಿತ್ತು. ಯಾರಿಗೂ ಹೇಳಿರಲಿಲ್ಲ.

“ಹೌದು,” ಎಂದೆ. “ನಾನೇ ಎಳೆದಿದ್ದು.”

“ಆಗ್ಲಿ ಬಿಡ್ರಿ. ಡ್ರಮ್ ಇನ್ನೂ ದಪ್ಪ ಐತಿ. ಲೇತ್ ಮ್ಯಾಲೆ ಒಂದು ಪದರ ತಗಸ್ತೀನಿ, ಎರಡೂ ಕಡೆ ಹೊಸ ಶೂ ಹಾಕ್ತೀನಿ. ನಾಳಿ ಸಂಜೀಗೆ ಬರ್ರಿ.” ಸ್ಟೂಲನ್ನು ಅತ್ತೆಗೆ ಕೂರಲು ಸರಿಸಿ, “ಅಜ್ಜಿಗೆ ಒಂದು ಚಾ ತರಸ್ಲೇನು?” ಎಂದ. ನಾನು ಅದನ್ನು ಕ್ಷಮಾಪಣೆಯೆಂದೇ ತಿಳಿದೆ.

ತಪ್ಪು ಮಾಡಿದವರು ಎದ್ದು ನಿಂತು ಹೇಳಬೇಕೆಂಬುದು ನಮ್ಮ ಶಾಲೆಯ ನಿಯಮ. ಸಂಜೆ ಇವರು ಊಟಕ್ಕೆ ಕೂತಾಗ ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ, ಹೇಗೂ. ಇಟ್ಟಿಗೆಯಿಂದ ‘ಟಕ್’ವರೆಗೆ ಎಲ್ಲ ಹೇಳಿದೆ.

“ಅಂದರೆ ಕಾರಿಗೆ ವಯಸ್ಸಾಗಿದ್ದಲ್ಲ.”

“ಅಲ್ಲ. ನನ್ನ ಶುಚಿ ಹೆಚ್ಚಾಯಿತು.”

“ಆ ಮೆಕ್ಯಾನಿಕ್ ಮೊದಲೂ ಸರಿಯಾಯ್ತು ಅಂದಿದ್ದ,” ಎಂದರು. “ನಾನೇ ನೋಡದೆ ಏಜೆಂಟನಿಗೆ ಬೇಡ ಅನ್ನುವುದಿಲ್ಲ.”

“ನೋಡಿ. ಆದರೆ ಹಿಂದೆ ಕೂತು.”

ಭಾನುವಾರ ಬೆಳಿಗ್ಗೆ ಇವರು, ಹದಿಮೂರು ವರ್ಷದಲ್ಲಿ ಮೊದಲ ಸಲ, ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಎಡಗಡೆ ಕೂತರು. ತೊಡೆಯ ಮೇಲೆ ಡಬ್ಬಿ. ಅತ್ತೆಯನ್ನು ನನ್ನ ಪಕ್ಕ ಕೂರಿಸಿದೆವು. ಖಾಲಿ ರಸ್ತೆ ಸಿಕ್ಕಿದಾಗ ಬ್ರೇಕ್ ಒತ್ತಿದೆ. ಮುಚ್ಚಳ ಮಾತಾಡಲಿಲ್ಲ.

“ಇನ್ನೊಂದು ಸಲ.”

ಒತ್ತಿದೆ.

“ಸ್ವಲ್ಪ ಜೋರಿನಿಂದ ಬಂದು.”

ಜೋರಿನಿಂದ ಬಂದು ಒತ್ತಿದೆ. ಡಬ್ಬಿ ಜಾರಿ ಇವರ ಮಂಡಿಗೆ ಬಡಿಯಿತು. ಟರಟರ ಮಾತ್ರ ಇಲ್ಲ. ಕನ್ನಡಿಯಲ್ಲಿ ನೋಡಿದೆ. ಇವರು ಕಣ್ಣು ಮುಚ್ಚಿ ಸೀಟಿನ ಮೇಲೆ ಅಂಗೈ ಊರಿ ಕೂತಿದ್ದರು, ಅತ್ತೆಯ ಹಾಗೆಯೇ. ಆಮೇಲೆ ಜೇಬಿನಿಂದ ಮೊಬೈಲು ತೆಗೆದು, “ಹಾಂ ಭಾಯಿ, ಬರುವುದು ಬೇಡ,” ಎಂದು ಹಿಂದಿಯಲ್ಲಿ ಹೇಳಿದರು.

“ಮುಂದೆ ಕೂತರೆ ರಸ್ತೆ ಎಷ್ಟು ಕಾಣ್ತದೆ ಮಾರಾಯ್ತಿ,” ಎಂದರು ಅತ್ತೆ. “ಮಂಗಳವಾರ ನಾನು ಇಲ್ಲಿಯೇ ಕೂರುವುದು.”

ಮನೆಗೆ ಬಂದು ಕಾರನ್ನು ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ವಾಚ್‌ಮನ್ ಕಾಕಾನ ಹತ್ತಿರ ನನ್ನ ಇಟ್ಟಿಗೆ ಕೇಳಿದೆ. ಅವರು ಅದನ್ನು ತಮ್ಮ ಕುರ್ಚಿಯ ಕುಂಟುಗಾಲಿಗೆ ಕೊಟ್ಟಿದ್ದರು. ಎದ್ದು, ತೆಗೆದುಕೊಟ್ಟರು. ಪಾಚಿಯನ್ನು ಹಾಗೆಯೇ ಬಿಟ್ಟು, ಹಿಂದಿನ ಎಡಚಕ್ರಕ್ಕೆ ಅಡ್ಡವಾಗಿ ಇಟ್ಟೆ.