ಸೊಂಟದ ಮೇಲೆ ಒಣಗಿದ ಫ್ರಾಕು

ಆ ಭಾನುವಾರ ಹಾಲು ಕಾಯಿಸಿ ಹೆಪ್ಪು ಹಾಕಿದೆ. ಡಿಶ್‌ವಾಷರ್ ಖಾಲಿ ಮಾಡಿದೆ. ಡೆಕ್ ಮೇಲಿನ ಕರಿಬೇವಿನ ಕುಂಡಕ್ಕೆ ಹುಳಿ ಮಜ್ಜಿಗೆ ಹುಯ್ದೆ. ಯಜಮಾನರ ಶರಟುಗಳಿಗೆ ಇಸ್ತ್ರಿ ಹಾಕಿದೆ. ಮಧ್ಯಾಹ್ನ ಪಕ್ಕದ ಮನೆ ಅಜ್ಜಿಯನ್ನು ಸಿನಿಮಾಕ್ಕೆ ಕರಕೊಂಡು ಹೋದೆ.

ಅಮೆರಿಕದ ರೆಸ್ಟನ್‌ನ ಈ ಟೌನ್‌ಹೌಸಿಗೆ ಬಂದಾಗಿನಿಂದ ಅಜ್ಜಿ ನಮಗೆ ಗೋಡೆಯಾಚೆಯ ನೆಂಟರು. ಎದುರಿಗೆ ಕರೆಯೋದು ಆಂಟಿ ಅಂತ, ನಮ್ಮ ನಮ್ಮಲ್ಲಿ ಮಾತ್ರ ಅಜ್ಜಿ. ಎಂಬತ್ತು ದಾಟಿದ ಯಹೂದಿ ಹೆಂಗಸು. ಮಹಾಯುದ್ಧದ ಕಾಲದಲ್ಲಿ ಯುರೋಪಿನಲ್ಲಿ ಯಹೂದಿಗಳನ್ನು ಮನೆಮನೆ ಹುಡುಕಿ ಹಿಡಿದು ಕೊಲ್ಲುತ್ತಿದ್ದಾಗ, ಪುಟ್ಟ ಹುಡುಗಿಯಾಗಿದ್ದ ಇವರನ್ನು ಹಳ್ಳಿಯ ವಿಧವೆಯೊಬ್ಬಳು ತನ್ನ ಉಗ್ರಾಣದಲ್ಲಿ ಬಚ್ಚಿಟ್ಟು ಸಾಕಿದ್ದಳು. ಅವಳಿಗೆ ಮಕ್ಕಳಿರಲಿಲ್ಲ, ಹಿಂದೆ ಮುಂದೆ ಯಾರೂ ಇರಲಿಲ್ಲ.

“ನಾನೂ ಹೋದಮೇಲೆ, ಅಂಥವಳೊಬ್ಬಳು ಇದ್ದಳು ಅಂತ ಹೇಳೋರೇ ಇರಲ್ಲ” ಅಂತ ಅಜ್ಜಿ ಆಗಾಗ ಅನ್ನೋರು. ಹಾಗಂತ ನಾಲ್ಕು ಜನರ ಮುಂದೆ ಹೇಳೋಕೆ ಬಾಯಿ ಬರ್ತಿರಲಿಲ್ಲ. ಹೋದ ವರ್ಷ ಒಂದು ಕಡೆ ಮಾತಾಡೋಕೆ ಒಪ್ಪಿ, ಪಾರ್ಕಿಂಗ್ ಲಾಟಿನಿಂದಲೇ ವಾಪಸ್ ಬಂದಿದ್ದರು. ಈ ಸಲ ಸಮುದಾಯ ಭವನದಲ್ಲಿ ಯಹೂದಿಗಳನ್ನು ಉಳಿಸಿದವರ ಬಗ್ಗೆ ಒಂದು ಸಿನಿಮಾ ಇಟ್ಟಿದ್ದರು. ಅದು ಮುಗಿದಮೇಲೆ ಅಜ್ಜಿ ಮಾತಾಡಬೇಕು. ಜೊತೆಗೆ ಬಾ ಅಂತ ನನ್ನನ್ನು ಕರೆದರು.

“ನೀನು ಹೋಗ್ತಿರೋದು ಧೈರ್ಯ ಹೇಳೋಕೋ ಅಳೋಕೋ? ಟಿಶ್ಯೂ ಡಬ್ಬಿನೇ ತಗೊಂಡು ಹೋಗು” ಅಂದರು ಯಜಮಾನರು.

“ನಿಮ್ಮ ಹಾಗೆ ಇಂಟರ್‌ವಲ್‌ಗೆ ಮುಂಚೆ ಗೊರಕೆ ಅಂತೂ ಹೊಡೆಯಲ್ಲ ಬಿಡಿ.”

ದಾರಿಯುದ್ದಕ್ಕೂ ಅಜ್ಜಿಯದು ಒಂದೇ ಕೆಲಸ: ಕೈಚೀಲದ ಜಿಪ್ಪು ಎಳೆಯೋದು, ಮುಚ್ಚೋದು.

ಸಿನಿಮಾದ ರಕ್ಷಕಿ ಬಲು ಸುಂದರಿ. ದನದ ಕೊಟ್ಟಿಗೆಯಿಂದ ಬಂದರೂ ತಲೆ ಒಂದಿಷ್ಟೂ ಕೆದರಿರಲಿಲ್ಲ. ಅಟ್ಟದಲ್ಲಿ ಮಗುವನ್ನು ಬಚ್ಚಿಟ್ಟವಳು, ಅಂಗಳದಲ್ಲಿ ಹಾಡು ಗುನುಗುತ್ತಾ ಬಟ್ಟೆ ಹರವುತ್ತಾಳೆ. ಹಗ್ಗದ ಮೇಲೆ ಅವಳ ಲಂಗ, ಪಕ್ಕದಲ್ಲೇ ಗೇಣುದ್ದದ ಫ್ರಾಕು! ಹಗ್ಗ ನೋಡಿದರೆ ಆ ಮನೆಯಲ್ಲಿ ಕೂಸಿದೆಯೋ, ನೆಂಟರು ಬಂದಿದ್ದಾರೋ ಎಲ್ಲ ತಿಳಿದುಹೋಗತ್ತೆ. ಮೈಸೂರಿನಲ್ಲಿ ನಮ್ಮ ಬೀದಿಯ ಹೆಂಗಸರಿಗೆ ಅಷ್ಟು ಸಾಕಿತ್ತು. ಮನೆಯ ಟೀವಿ ಮುಂದೆ ಕೂತಿದ್ದೀನಿ ಅನ್ನೋ ಹಾಗೆ ಕೂಗಿಯೇ ಬಿಟ್ಟೆ: “ಅಯ್ಯೋ, ಆ ಫ್ರಾಕ್ ಒಳಗೆ ತಗೊಳ್ಳೇ, ಮಂಕೇ!”

ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನನಗೆ ಸೀಟಿನ ಕೆಳಗೆ ಸೇರಿಕೊಳ್ಳೋಣ ಅನ್ನಿಸಿತು.

“ಏನಂದೆ?” ಅಂತ ಅಜ್ಜಿ ಕೇಳಿದರು. ಕನ್ನಡದಲ್ಲಿ ಕೂಗಿದ್ದನ್ನು ಪಿಸುಮಾತಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ನನ್ನ ಮೊಣಕೈ ಬಿಗಿಯಾಗಿ ಹಿಡಕೊಂಡರು. ಸಿನಿಮಾ ಮುಗಿಯೋವರೆಗೂ ಬಿಡಲಿಲ್ಲ.

ದೀಪ ಹತ್ತಿತು. ನಿರೂಪಕರು ಕರೆದರು. ಅಜ್ಜಿ ಏಳಲಿಲ್ಲ. ಇನ್ನು ಕಾರ್ ತೆಗೆಯೋದೇ ಅಂದುಕೊಂಡೆ. ಅಷ್ಟರಲ್ಲಿ ಕೂತಲ್ಲಿಂದಲೇ ಮೈಕ್ ಕೇಳಿದರು.

“ಪಕ್ಕದಲ್ಲಿರೋ ಇವಳು ಈಗ ಒಂದು ತಪ್ಪು ಹಿಡಿದಳು” ಅಂತ ಶುರುಮಾಡಿದರು. “ನನ್ನನ್ನು ಸಾಕಿದವಳು ನನ್ನ ಫ್ರಾಕನ್ನು ಯಾವತ್ತೂ ಹೊರಗೆ ಒಣಗಿಸಲಿಲ್ಲ. ಹಿಂಡಿ, ತನ್ನ ಸೊಂಟಕ್ಕೆ ಸುತ್ತಿಕೊಂಡು, ಮೇಲೆ ಲಂಗ ಉಟ್ಟು ಒಲೆ ಮುಂದೆ ಕೆಲಸ ಮಾಡ್ತಿದ್ದಳು. ಚಳಿಗಾಲದಲ್ಲೂ ಅಷ್ಟೇ. ಕೆಮ್ಮೋಳು, ಕೆಮ್ಮಿಕೊಂಡೇ ನನಗೆ ಬಯ್ಯೋಳು, ಇನ್ನೊಂದು ಸಲ ಮೈಮೇಲೆ ಸೂಪ್ ಚೆಲ್ಲಿಕೋ ನೋಡ್ತೀನಿ ಅಂತ. ಮುಂದಿನ ಹಲ್ಲು ಇರಲಿಲ್ಲ. ಹಾಡಂತೂ ಹೇಳ್ತಲೇ ಇರಲಿಲ್ಲ, ದೇವರು ದೊಡ್ಡವನು.”

ಜನ ನಕ್ಕರು. ಅಜ್ಜಿಯೂ ನಕ್ಕರು. ಆಮೇಲೆ ಅವಳ ಹೆಸರು ಹೇಳಿದರು. ಹಿಂದಿನ ಸಾಲಿನವರು ಕೇಳಿಸಲಿಲ್ಲ ಅಂದಾಗ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಒಬ್ಬಳು ಹುಡುಗಿ ಅದನ್ನು ತನ್ನ ಬಾಯಲ್ಲಿ ಹೇಳಿ ನೋಡಿ, “ಸರಿಯಾಗಿ ಹೇಳಿದೆನಾ?” ಅಂತ ಕೇಳಿದಳು. “ಸರಿ ಇದೆ, ಕಣೇ” ಅನ್ನೋ ಧಾಟಿಯಲ್ಲಿ ಅಜ್ಜಿ ತಲೆಯಾಡಿಸಿದರು.

ವಾಪಸ್ ಬರ್ತಾ ಸೀದಾ ನಮ್ಮ ಮನೆಗೇ ಬಂದರು. ಮಾಂಸದ ವಿಷಯದಲ್ಲಿ ಅವರ ಧರ್ಮದ ಕಟ್ಟುಪಾಡು ಬಹಳ; ನಮ್ಮದು ಮಾಂಸದ ಅಡುಗೆಮನೆಯಲ್ಲ ಅಂತ ಇಲ್ಲಿ ಊಟಕ್ಕೆ ಅವರಿಗೆ ಸಂಕೋಚವಿಲ್ಲ. ಬೇರೇನೂ ಮಾಡೋಕೆ ತ್ರಾಣವಿಲ್ಲದೆ ಉಪ್ಪಿಟ್ಟು ಕೆದಕಿದೆ.

“ಕಾಂಕ್ರೀಟ್ ರೆಡೀನಾ?” ಅಂದರು ಯಜಮಾನರು. ಹಾಗಂದವರೇ ಎರಡು ಸಲ ಬಡಿಸಿಕೊಂಡರು. ಅಜ್ಜಿ ಉಪ್ಪಿಟ್ಟಿನ ಮೇಲೆ ಮೊಸರು ಹಾಕಿಕೊಂಡು, ನಿಂಬೆಕಾಯಿ ಉಪ್ಪಿನಕಾಯಿ ನಂಚಿಕೊಂಡು, ಆ ವಿಧವೆಯ ಬೈಗುಳಗಳನ್ನು ಒಂದೊಂದಾಗಿ ನಮಗೆ ಕಲಿಸಿದರು. ತಟ್ಟೆ ತೊಳೆದು ಬರೋಷ್ಟರಲ್ಲಿ ಸೋಫಾದಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು, ನಮ್ಮ ಯಜಮಾನರಿಗಿಂತಲೂ ಮೊದಲು.