ಸುಣ್ಣ ಬಳಿದ ಎರಡು ಕಲ್ಲುಗಳ ನಡುವೆ

ಬ್ಯಾಡಗಿಯಲ್ಲಿ ನನ್ನದೊಂದು ಹೊಲಿಗೆ ಸಾಮಾನಿನ ಅಂಗಡಿ. ದಾರ, ಗುಂಡಿ, ಲೈನಿಂಗ್ ಬಟ್ಟೆ, ಸೀರೆಯ ಫಾಲ್, ಲೇಸು. ಲೇಸಿನ ಸುರುಳಿ ಬಂದ ದಿನ ಅದನ್ನು ಪೂರ್ತಿ ಬಿಚ್ಚಿ, ಅಳೆದು, ಮತ್ತೆ ಸುತ್ತಿಯೇ ಕಪಾಟಿಗೆ ಸೇರಿಸುತ್ತೇನೆ. ಮೇಲೆ ಅಂಟಿಸಿದ ಚೀಟಿಯ ಅಳತೆಗೂ ಒಳಗಿನ ಲೇಸಿಗೂ ತಾಳೆಯಾಗದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ. ಹೀಗಾಗಿ ಯಾರಾದರೂ ಒಳ್ಳೆಯದನ್ನು ಪುಕ್ಕಟೆ ಕೊಡಲು ಬಂದರೆ ಮೊದಲು ಅವರ ಕೈ ನೋಡುತ್ತೇನೆ, ಆಮೇಲೆ ಮುಖ.

ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದು ನಿಂತಿದ್ದೀರಿ ಎಂದು ಡಾಕ್ಟರು ಹೇಳಿದ ಮೇಲೆ ನಡೆಯಲು ಶುರು ಮಾಡಿದೆ. ನಡಿಗೆ ಯಾವಾಗ ಓಟವಾಯಿತೋ ನನಗೇ ಗೊತ್ತಾಗಲಿಲ್ಲ. ಮನೆಯಿಂದ ಹೊರಟು ಕದರಮಂಡಲಗಿಯ ಕಡೆ ಹೋಗುವ ದಾರಿಯಲ್ಲಿ ಒಂದು ಹುಣಸೆ ಮರದವರೆಗೆ, ಅಲ್ಲಿಂದ ವಾಪಸು. ವರ್ಷಗಟ್ಟಲೆ ಅದೇ ದಾರಿ, ಅದೇ ವೇಗ. ಹೊಲಕ್ಕೆ ಹೋಗುವವರು ನನ್ನನ್ನು ಹಾಲಿನ ಗಾಡಿ ನೋಡಿದ ಹಾಗೆ ನೋಡಿ ಸುಮ್ಮನಾಗುತ್ತಿದ್ದರು. ರಾಣೆಬೆನ್ನೂರಿನಲ್ಲಿ ಓಟದ ಸ್ಪರ್ಧೆ ನಡೆದಾಗಲೆಲ್ಲ ಹೋಗುತ್ತಿದ್ದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಟ್ಟುತ್ತಿದ್ದೆ, ಪ್ರತಿ ಸಲವೂ ಕೊನೆಯ ಭಾಗದಲ್ಲಿ ಕಾಲುಗಳು ನೆನೆದ ಗೋಣಿಚೀಲದಂತೆ ಭಾರವಾಗುತ್ತಿದ್ದವು.

ಅಂಥ ಒಂದು ಸ್ಪರ್ಧೆ ಮುಗಿದು ಮೈದಾನದ ಮೆಟ್ಟಿಲ ಮೇಲೆ ಕೂತಿದ್ದಾಗ ಒಬ್ಬರು ಬಂದು ಪಕ್ಕದಲ್ಲಿ ಕೂತರು. ರಾಣೆಬೆನ್ನೂರಿನ ಹೈಸ್ಕೂಲೊಂದರ ದೈಹಿಕ ಶಿಕ್ಷಣದ ಅಕ್ಕೋರು, ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ಓಟದ ಜೊತೆಗೆ ಈಜು, ಸೈಕಲ್ಲು ಮೂರನ್ನೂ ಕೂಡಿಸಿ ಮಾಡುವ ಸ್ಪರ್ಧೆಗೆ ತಯಾರಾಗುತ್ತಿದ್ದರು.

"ದಿನಾ ಹೆಂಗ ಓಡ್ತೀರಿ?" ಎಂದು ಕೇಳಿದರು.

"ಹೆಂಗ ಅಂದ್ರ? ಮನಿಯಿಂದ ಹುಣಸಿ ಗಿಡದ ತನಕ, ಮತ್ತ ವಾಪಸ್."

"ದಿನಾ ಅಷ್ಟ? ಒಂದ ಜೋರಿನ್ಯಾಗ?"

"ಹೌದ್ರಿ."

"ಅದಕ್ಕ ನಿಮ್ಮ ಕಾಲು ಅಷ್ಟನ್ನ ಕಲ್ತಾವು. ಪೂರ್ತಿ ಜೋರ ಓಡೂದೂ ಅವಕ್ಕ ಗೊತ್ತಿಲ್ಲ, ನಿಧಾನ ಓಡೂದೂ ಗೊತ್ತಿಲ್ಲ. ವಾರದಾಗ ಒಂದ ದಿನ ಸಣ್ಣ ಸಣ್ಣ ತುಣುಕು ಮಾಡಿ ಜೋರ ಓಡ್ರಿ, ನಡುವ ನಡದು ದಮ್ಮ ತಗೋರಿ. ಒಂದ ದಿನ ದಿಬ್ಬ ಹತ್ರಿ. ಒಂದ ದಿನ ದೂರ ಹೋಗ್ರಿ, ಆದ್ರ ಬಾಜೂದವ್ರ ಜೋಡಿ ಮಾತಾಡಕೊಂತ ಹೋಗುವಷ್ಟು ನಿಧಾನ. ಒಂದ ದಿನ ಕಾಲಿಗೆ ಪೂರ್ತಿ ಸೂಟಿ. ಉಳದ ದಿನಾ ಹಗುರಾಗಿ, ಸುಮ್ನ."

"ನಿಧಾನ ಓಡಿದ್ರ ಜೋರ ಆಗ್ತೇನಿ ಅಂತೀರೇನು?"

"ಖರೇನ ಹೇಳಾಕತ್ತೇನ್ರಿ. ಮಾಡಿ ನೋಡ್ರಿ. ವಾರಕ್ಕೊಮ್ಮೆ ಫೋನ್ ಹಚ್ರಿ, ನಾ ಹೇಳ್ತೇನಿ."

ನನ್ನಂಥ ಗುರುತಿಲ್ಲದ ಹೆಂಗಸಿಗೆ ವಾರವಾರ ಫೋನಿನಲ್ಲಿ ಪಾಠ ಹೇಳುವುದರಿಂದ ಈಕೆಗೇನು ಲಾಭ? ಬಸ್ಸಿನಲ್ಲಿ ಮನೆಗೆ ಬರುವವರೆಗೂ ಇದೇ ಯೋಚನೆ. ಸಣ್ಣಗಾಗಿಸುವ ಪುಡಿ ಡಬ್ಬಿ ಮಾರುವವರು ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ. ಅವರೂ ಮೊದಲು ಹೀಗೆಯೇ ಪಕ್ಕದಲ್ಲಿ ಕೂತು ಆರೋಗ್ಯ ವಿಚಾರಿಸುತ್ತಾರೆ. ಎರಡನೆಯ ಫೋನಿಗೋ ಮೂರನೆಯದಕ್ಕೋ ಡಬ್ಬಿಯ ಸುದ್ದಿ ಹೊರಬೀಳುತ್ತದೆ, ಆಗ ಫೋನ್ ಇಟ್ಟರಾಯಿತು ಎಂದುಕೊಂಡೆ. ಆದರೂ ಮಾಡಿ ನೋಡುವುದಕ್ಕೆ ಮನಸ್ಸಾಯಿತು, ಯಾಕೆಂದರೆ ಆ ಗೋಣಿಚೀಲದ ಕಾಲುಗಳು ನನಗೆ ಸಾಕಾಗಿದ್ದವು.

ತುಣುಕು ಮಾಡಿ ಓಡಲು ಅಳತೆ ಬೇಕು. ಕೈಗೆ ಕಟ್ಟುವ ದುಬಾರಿ ಗಡಿಯಾರಗಳು ದೂರವನ್ನೂ ಹೇಳುತ್ತವಂತೆ. ಆಕಾಶದಿಂದ ಬರುವ ಅಳತೆಯ ಮೇಲೆ ನನಗೆ ನಂಬಿಕೆಯಿಲ್ಲ. ನಮ್ಮ ಅಂಗಡಿಯ ಪಕ್ಕದಲ್ಲೇ ಹೊಲಿಗೆ ಯಂತ್ರ ರಿಪೇರಿ ಮಾಡುವ ನನ್ನ ಗಂಡನನ್ನು ಒಂದು ಭಾನುವಾರ ಬೆಳಿಗ್ಗೆ ಎಬ್ಬಿಸಿದೆ. ಅಂಗಡಿಯ ಮೀಟರ್ ಪಟ್ಟಿಯಿಂದ ಅಳೆದು ಕತ್ತರಿಸಿದ ನೈಲಾನ್ ಹಗ್ಗ, ಒಂದು ಚೀಲ ಸುಣ್ಣದ ಪುಡಿ ಹಿಡಿದು ಸ್ಕೂಟರಿನಲ್ಲಿ ಹೋದೆವು. ರಸ್ತೆಯಲ್ಲಿ ಲಾರಿಗಳ ಕಾಟ, ಹಾಗಾಗಿ ಮೆಣಸಿನಕಾಯಿ ಹೊಲಗಳ ನಡುವಿನ ಗಾಡಿದಾರಿಯನ್ನು ಆರಿಸಿಕೊಂಡೆ. ಅವರು ಹಗ್ಗದ ಒಂದು ತುದಿ, ನಾನು ಇನ್ನೊಂದು. ನಾನೂರು ಮೀಟರು ಅಳೆದು ಎರಡೂ ಕಡೆ ಸುಣ್ಣದ ಗೆರೆ ಎಳೆದೆವು.

"ಯಾರಾರ ನೋಡಿದ್ರ ಹೊಲಾ ಪಾಲು ಮಾಡಾಕ ಬಂದಾರ ಅಂತಾರ" ಎಂದು ಅವರು ನಕ್ಕರು. ನಾನೂ ನಕ್ಕೆ.

ಒಂದು ಗೆರೆಯಿಂದ ಇನ್ನೊಂದಕ್ಕೆ ಉಸಿರು ಕಟ್ಟಿ ಓಡುವುದು, ಗಡಿಯಾರ ನೋಡುವುದು, ನಡೆದುಕೊಂಡು ವಾಪಸು ಬರುವುದು, ಮತ್ತೆ ಓಡುವುದು. ಮರುದಿನ ಬೇರೆ ದಾರಿ ಹಿಡಿದು ಆಮೆಯ ಹಾಗೆ ಹೋಗುವುದು. ಇನ್ನೊಂದು ದಿನ ಕೆರೆಯ ಆಚೆಗಿನ ದಿಬ್ಬವನ್ನು ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು ಮಾಡುವುದು. ವರ್ಷಗಟ್ಟಲೆ ನನ್ನತ್ತ ತಲೆಯೆತ್ತಿ ನೋಡದಿದ್ದವರು ಈಗ ಕೆಲಸ ನಿಲ್ಲಿಸಿ ನೋಡತೊಡಗಿದರು. ಒಂದೇ ರೀತಿ ಓಡುತ್ತಿದ್ದವಳನ್ನು ಯಾರೂ ಏನೂ ಕೇಳಿರಲಿಲ್ಲ. ಬೇರೆ ಬೇರೆ ರೀತಿ ಓಡತೊಡಗಿದ ಕೂಡಲೇ ಕೇಳಲು ಎಲ್ಲರಿಗೂ ಒಂದು ಪ್ರಶ್ನೆ ಸಿಕ್ಕಿತ್ತು.

ತಲೆಗೆ ಟವೆಲ್ ಸುತ್ತಿದ ಒಬ್ಬ ರೈತ ಬೈಕು ನಿಲ್ಲಿಸಿಯೇ ಕೇಳಿದ: "ಯಾವ ಆಫೀಸಿನವ್ರಿ ನೀವು?"

"ಆಫೀಸಿಲ್ರಿ ಏನಿಲ್ಲ. ಓಡಾಕ ಬರ್ತೇನಿ."

"ಓಡಾಕ ಬಂದವ್ರು ನಿಂತ ನಿಂತ ಗಡಿಯಾರ ಯಾಕ ನೋಡ್ತೀರಿ? ಹೋದಲ್ಲೆ ಹೊಳ್ಳಿ ಯಾಕ ಬರ್ತೀರಿ?"

ವಿವರಿಸಲು ಹೋದೆ. ನಡುವೆ ದಮ್ಮು ತೆಗೆದುಕೊಂಡು ಮತ್ತೆ ಓಡಿದರೆ ಕಾಲಿಗೆ ವೇಗ ಬರುತ್ತದೆ ಎಂದೆ. ನನ್ನ ಬಾಯಿಂದಲೇ ಕೇಳುವಾಗ ಅದು ಪುಡಿ ಡಬ್ಬಿ ಮಾರುವವರ ಮಾತಿನಂತೆಯೇ ಇತ್ತು. ಆತ ಬೈಕು ಒದ್ದು ಹೋದ.

ಮುಂದಿನ ವಾರ ಸುಣ್ಣದ ಗೆರೆಗಳು ಮಾಯವಾಗಿದ್ದವು. ಮಂಜಿಗೆ ಹೋಗಿರಬೇಕು ಎಂದುಕೊಂಡು ಮತ್ತೆ ಎಳೆದೆ. ಮತ್ತೆ ಹೋದವು. ಆಗ ಗೆರೆ ಬಿಟ್ಟು, ಎರಡು ಕಡೆಯೂ ದೊಡ್ಡ ಕಲ್ಲಿಟ್ಟು ಸುಣ್ಣ ಬಳಿದೆ. ಕಲ್ಲುಗಳು ಉಳಿದವು.

ಕಲ್ಲಿಟ್ಟ ಸ್ವಲ್ಪ ದಿನಕ್ಕೇ ನನ್ನ ಓಟ ಇದ್ದಕ್ಕಿದ್ದಂತೆ ಜೋರಾಯಿತು. ಗಡಿಯಾರ ನೋಡಿ ನನಗೇ ಗಾಬರಿ. ಆ ದಿನ ಅಂಗಡಿಯಲ್ಲಿ ಬಂದವರಿಗೆಲ್ಲ ಅಳತೆಗಿಂತ ಒಂದು ಗೇಣು ಜಾಸ್ತಿಯೇ ಲೇಸು ಕೊಟ್ಟೆನೇನೋ, ಅಷ್ಟು ಖುಷಿ. ಸಂಜೆ ಅಕ್ಕೋರಿಗೆ ಫೋನ್ ಮಾಡಿ ಹೇಳಿದೆ.

"ಅಷ್ಟ ಲಗೂ ಹಂಗ ಆಗಂಗಿಲ್ರಿ" ಎಂದರು. "ಖರೇ ಹೇಳ್ರಿ, ಪೂರ್ತಿ ಓಡಾಕತ್ತೀರೋ, ನಡುವ ಬಿಟ್ಟು ಹೊಳ್ಳಾಕತ್ತೀರೋ?"

ಮೈ ಉರಿದುಹೋಯಿತು. ಸುಳ್ಳು ಹೇಳಿ ನನಗೇನು ಬರಬೇಕಾಗಿತ್ತು? ಅಷ್ಟು ದಿನ ನಾನು ಆಕೆಯ ಮೇಲೆ ಅನುಮಾನಪಡುತ್ತಿದ್ದೆ ಎನ್ನುವುದು ಆ ಕ್ಷಣ ನೆನಪಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಸಿಟ್ಟು ಇಳಿದು ಅದೇ ಅನುಮಾನ ನನ್ನೊಳಗೂ ಏಳತೊಡಗಿತು. ಗಂಡನ ಫೋನಿನ ಗಡಿಯಾರವನ್ನು ನನ್ನದರ ಪಕ್ಕದಲ್ಲಿಟ್ಟು ನೋಡಿದೆ. ಎರಡೂ ಕೂಡಿಯೇ ಓಡುತ್ತಿದ್ದವು. ಹಾಗಾದರೆ ತಪ್ಪಿದ್ದು ನೆಲದ ಮೇಲೆಯೇ.

ಬೆಳಿಗ್ಗೆ ಹಗ್ಗ ಹಿಡಿದು ಒಬ್ಬಳೇ ಹೋದೆ. ಹಗ್ಗದ ತುದಿಗೆ ಕಲ್ಲು ಹೇರಿ, ಎಳೆದು, ಗುರುತು ಹಾಕಿ, ಮತ್ತೆ ಎಳೆದು ಅಳೆಯುತ್ತ ಹೋದರೆ ನಾನೂರು ಮುಗಿಯುವುದಕ್ಕೆ ಎಷ್ಟೋ ಮುಂಚೆಯೇ ನನ್ನ ಬಿಳಿ ಕಲ್ಲು ಎದುರಿಗೆ ಬಂತು. ಬಗ್ಗಿ ನೋಡಿದೆ. ಕಲ್ಲಿನ ಕೆಳಗೆ ಹುಲ್ಲು ಇನ್ನೂ ಹಸಿರಾಗಿತ್ತು. ಯಾರೋ ಮೊನ್ನೆ ಮೊನ್ನೆ ತಂದಿಟ್ಟಿದ್ದರು.

"ಅಳಿ ಯವ್ವಾ, ಅಳಿ. ಎಷ್ಟ ಅಳದ್ರೂ ನನ್ನ ಬಾಂವಿ ನಿಮ್ಮ ರೋಡಿನಾಗ ಬರಂಗಿಲ್ಲ."

ಮೆಣಸಿನ ಗಿಡಗಳ ನಡುವಿನಿಂದ ಒಬ್ಬ ಅಜ್ಜಿ ಎದ್ದು ನಿಂತಿದ್ದಳು. ಮಡಿಲ ತುಂಬ ಬಿಡಿಸಿದ ಕೆಂಪು ಕಾಯಿ.

"ಯಾವ ರೋಡು ಅಜ್ಜಿ?"

"ನನ್ನನ್ನ ಕೇಳ್ತಾಳ ನೋಡು!" ಎಂದು ಆಕೆ ಗಟ್ಟಿಯಾಗಿ ಕೂಗಿದಳು. ಅಕ್ಕಪಕ್ಕದ ಹೊಲಗಳಿಂದ ನಾಲ್ಕಾರು ಜನ ಬಂದು ಸುತ್ತ ನಿಂತರು. ಅವರಲ್ಲಿ ಟವೆಲ್ಲಿನವನೂ ಇದ್ದ.

"ನಾವ ಸರಿಸೇವಿ ಕಲ್ಲ. ಏನೀಗ?" ಎಂದ ಆತ. "ಆಚಿ ಊರಾಗೂ ಮೊದಲ ಹಿಂಗ ಸುಣ್ಣಾ ಹಾಕಿದ್ರು. ಏನಿಲ್ರಿ, ಸುಮ್ನ ನೋಡಾಕತ್ತೇವಿ ಅಂದ್ರು. ಮಳಿಗಾಲ ಮುಗಿಯೂದರಾಗ ಜೆಸಿಬಿ ಬಂದು ನಿಂತ್ವು."

ಆಗ ನನಗೆ ಎಲ್ಲ ತಿಳಿಯಿತು. ನಾವು ಹಗ್ಗ ಹಿಡಿದದ್ದನ್ನು ಅವರು ಆವತ್ತೇ ನೋಡಿದ್ದರು. ಹೊಸ ರಸ್ತೆಗೆ ಅಳತೆ ನಡೆದಿದೆ ಎಂದೇ ಅವರ ಲೆಕ್ಕ. ಗೆರೆ ಅಳಿಸಿದರೆ ನಾನು ಮತ್ತೆ ಎಳೆಯುತ್ತೇನೆ, ಅದಕ್ಕೆ ಕಲ್ಲನ್ನೇ ಅಜ್ಜಿಯ ಬಾವಿಯಿಂದ ಈಚೆಗೆ ಸರಿಸಿದ್ದರು. ಅಳತೆ ಕಡಿಮೆ ಬಂದರೆ ಬಾವಿ ಉಳಿದೀತು ಎಂದು.

ನನ್ನ ಅಂಗಡಿಯ ಗುರುತು ಹೇಳಿದೆ. ಒಬ್ಬಾಕೆ, "ಹೌದು, ಅಲ್ಲಿ ಫಾಲ್ ತಂದೇನಿ" ಎಂದಳು. ಆದರೆ ಅಂಗಡಿಯಿದ್ದವರು ಆಫೀಸಿನವರ ಪರವಾಗಿ ಅಳೆಯಬಾರದೆಂದೇನೂ ಇಲ್ಲವಲ್ಲ. ಯಾರ ಮುಖವೂ ಸಡಿಲವಾಗಲಿಲ್ಲ. ಅಜ್ಜಿ ಕಾಯಿಗಳನ್ನು ಚೀಲಕ್ಕೆ ಸುರಿದು ಬಂದು ನನ್ನ ಬಿಳಿ ಕಲ್ಲಿನ ಮೇಲೆ ಕೂತಳು.

"ಓಡಾಕ ಬಂದೇನಿ ಅಂತಿ. ಹಂಗಾರ ಓಡು. ನೀ ಬಂದಾಗೊಮ್ಮೆ ಎಷ್ಟ ಸಲ ಓಡತಿ ಅಂತ ನಾ ನೋಡೇನಿ. ಅಷ್ಟೂ ಸಲ ಓಡು."

ಓಡಿದೆ. ಅಂದು ನಿಧಾನದ ದಿನವಾಗಬೇಕಿತ್ತು, ಆದರೆ ಅಷ್ಟು ಕಣ್ಣುಗಳ ಎದುರು ನಿಧಾನ ಎಲ್ಲಿಂದ ಬರಬೇಕು? ಮೊದಲೆರಡು ಸಲ ಯಾರೋ ಹಿಂದಿನಿಂದ ನಕ್ಕರು. ಆಮೇಲೆ ನಗು ನಿಂತಿತು. ಕೊನೆಗೆ ಕಲ್ಲು ಮುಟ್ಟಿದಾಗ ಮೊಣಕಾಲ ಮೇಲೆ ಕೈಯೂರಿ ಬಗ್ಗಿದವಳಿಗೆ ಬಾಯಲ್ಲಿ ಹುಳಿನೀರು ಬಂತು. ಅಜ್ಜಿ ಚರಿಗೆಯ ನೀರು ತಂದು ಎದುರಿಗೆ ಹಿಡಿದಳು.

"ಆಫೀಸಿನಾಕಿ ಅಲ್ಲ ಬಿಡ್ರೋ ಇಕಿ" ಎಂದಳು. "ಪಗಾರ ತಗೊಳ್ಳಾಕಿ ಯಾವಾಕಿನೂ ಹಿಂಗ ಸಾಯಂಗಿಲ್ಲ."

ಎಲ್ಲರೂ ನಕ್ಕರು, ಟವೆಲ್ಲಿನವನೊಬ್ಬನನ್ನು ಬಿಟ್ಟು. ಅವನು ಇಡೀ ಓಟವನ್ನು ಫೋನಿನಲ್ಲಿ ಹಿಡಿದುಕೊಂಡಿದ್ದ. "ಆಫೀಸಿನಾಕಿ ಅಲ್ಲಂದ್ರ ಆಫೀಸಿನವ್ರು ಕಳಿಸಿರಬೇಕು" ಎಂದ. ಅಜ್ಜಿ ಅವನ ಕೈಗೇ ಹಗ್ಗದ ತುದಿ ಕೊಟ್ಟು, ಕಲ್ಲನ್ನು ಸರಿಯಾದ ಜಾಗಕ್ಕೆ ಇಡಿಸಿದಳು. ಅಳೆಯುವಾಗ ಅವನು ನನ್ನ ಹಗ್ಗವನ್ನೇ ಮತ್ತೆ ಮತ್ತೆ ಹಿಡಿದು ನೋಡಿದ. ಈ ಮನುಷ್ಯ ಲೇಸಿನ ವ್ಯಾಪಾರಕ್ಕೆ ಇಳಿದರೆ ಮೋಸ ಹೋಗಲಾರ ಅನ್ನಿಸಿತು. ಇಂದಿಗೂ ಅವನು ನನಗೆ ನಮಸ್ಕಾರ ಹೇಳುವುದಿಲ್ಲ.

ನಡೆದದ್ದನ್ನು ಫೋನಿನಲ್ಲಿ ಹೇಳಿದಾಗ ಅಕ್ಕೋರು ಬಹಳ ಹೊತ್ತು ನಕ್ಕರು. ಆಮೇಲೆ, "ತಪ್ಪ ತಿಳೀಬ್ಯಾಡ್ರಿ, ನಾ ಹಂಗ ಕೇಳಬಾರದಿತ್ತು" ಎಂದರು. ಮುಂದಿನ ಭಾನುವಾರ ತಾವೇ ಬಸ್ಸು ಹತ್ತಿ ಬಂದು ನನ್ನ ಜೊತೆ ದಿಬ್ಬ ಹತ್ತಿದರು. ಹೆಜ್ಜೆ ಚಿಕ್ಕದು ಮಾಡಿ, ಎದುರಿಗೆ ನೋಡಿ, ಕೈ ಬೀಸಿ ಎಂದು ಹಿಂದಿನಿಂದ ಹೇಳುತ್ತಲೇ ಇದ್ದರು. ಮನೆಗೆ ಬಂದು ಮಂಡಕ್ಕಿ ತಿನ್ನುವಾಗ ಅವರು ತಮ್ಮ ಚೀಲಕ್ಕೆ ಕೈ ಹಾಕಿದರು. ಈಗ ಬಂತು ಡಬ್ಬಿ ಎಂದುಕೊಂಡೆ. ಹೊರಬಂದದ್ದು ಮುಖ ಒರೆಸುವ ವಸ್ತ್ರ.

"ನಿಮ್ಮನ್ನ ಒಂದ ಕೇಳೂದೈತಿ" ಎಂದರು. "ಐರಣಿ ಹತ್ರ ಹೊಳಿಯಾಗ ಈಜಬೇಕು ನಾ. ಒಬ್ಬಾಕಿನ ನೀರಿಗೆ ಇಳೀಬ್ಯಾಡ ಅಂತಾರ ಮನ್ಯಾಗ. ದಂಡಿ ಮ್ಯಾಲ ಕುಂತು ನನ್ನ ಮ್ಯಾಲ ಕಣ್ಣಿಡವ್ರು ಒಬ್ರು ಬೇಕಾಗ್ಯಾರ. ನನ್ನ ಗೆಳತ್ಯಾರು ಬರ್ತಾರ, ಆದ್ರ ಫೋನ್ ನೋಡಕೊಂತ ಕುಂದ್ರತಾರ. ನೀವು ಹಂಗಲ್ಲ. ನಿಮ್ಮ ಕಣ್ಣು ಒಂದನ್ನೂ ಬಿಡಂಗಿಲ್ಲ."

ನನ್ನ ಅನುಮಾನದ ಕಣ್ಣನ್ನು ಯಾರಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಹೋದೆ. ತುಂಗಭದ್ರೆಯ ದಂಡೆಯಲ್ಲಿ ಕೂತು, ಅವರ ಸೊಂಟಕ್ಕೆ ಕಟ್ಟಿದ ಕಿತ್ತಳೆ ಬಣ್ಣದ ಗಾಳಿಚೀಲ ನೀರಿನ ಮೇಲೆ ಏಳುತ್ತ ಬೀಳುತ್ತ ಹೋಗುವುದನ್ನು ರೆಪ್ಪೆ ಬಡಿಯದೆ ನೋಡಿದೆ. ಶಾಂತವಾಗಿದ್ದ ಆ ನೀರನ್ನು ನಾನು ಒಂದು ಗಳಿಗೆಯೂ ನಂಬಲಿಲ್ಲ. ಅವರು ದಡಕ್ಕೆ ಬಂದು ಉಸಿರು ಬಿಟ್ಟಾಗಲೇ ನಾನೂ ಬಿಟ್ಟೆ.

ಬೇಸಿಗೆ ಬಲಿಯುವ ಮೊದಲು ಹಾವೇರಿಯಲ್ಲಿ ಹತ್ತು ಕಿಲೋಮೀಟರಿನ ಓಟವಿತ್ತು. "ಅರ್ಧಾ ದಾರಿ ತನಕ ನಿಮಗ ನಾಚಿಕಿ ಬರಬೇಕು, ಅಷ್ಟ ನಿಧಾನ ಹೋಗ್ರಿ" ಎಂದು ಅಕ್ಕೋರು ಹೇಳಿದ್ದರು. ಹೊರಟ ಕೂಡಲೇ ಎಲ್ಲರೂ ನನ್ನನ್ನು ದಾಟಿ ಹೋದರು. ನನಗಿಂತ ದಪ್ಪಗಿದ್ದವರು, ವಯಸ್ಸಾದವರು, ಚಪ್ಪಲಿಯಲ್ಲಿ ಬಂದವರೂ. ಇಷ್ಟು ತಿಂಗಳು ಪಟ್ಟ ಪಾಡೆಲ್ಲ ನೀರುಪಾಲಾಯಿತು, ನಾನು ಮೋಸ ಹೋದೆ ಎಂದು ಅರ್ಧ ದಾರಿಯವರೆಗೂ ಮನಸ್ಸು ಕೊರೆಯುತ್ತಲೇ ಇತ್ತು. ತಿರುಗಿ ಬರುವಾಗ ಕಾಲುಗಳು ತಾವಾಗಿ ಬಿಚ್ಚಿಕೊಂಡವು. ಭಾರ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾಯುತ್ತ ಓಡಿದೆ. ಬರಲಿಲ್ಲ. ಚಪ್ಪಲಿಯವರು ಹಿಂದೆ ಉಳಿದರು, ದಪ್ಪಗಿದ್ದವರು ಉಳಿದರು. ಕೊನೆಯ ಏರಿನಲ್ಲಿ ಹೊಳೆಯುವ ಬೂಟಿನ ಒಬ್ಬ ಕಾಲೇಜು ಹುಡುಗಿಯನ್ನೂ ದಾಟಿದೆ. ಬಹುಮಾನ ಬರುವಷ್ಟು ಮುಂದೇನೂ ಇರಲಿಲ್ಲ. ಆದರೆ ನನ್ನ ಹಳೆಯ ಹೊತ್ತಿಗಿಂತ ಎಷ್ಟೋ ಮುಂಚೆ ಮುಟ್ಟಿದ್ದೆ, ಮುಟ್ಟಿದ ಮೇಲೆ ನಿಲ್ಲಲು ಕಾಲಲ್ಲಿ ಶಕ್ತಿಯಿತ್ತು.

ಬಾಳೆಹಣ್ಣು ಹಂಚುವ ಕಡೆ ಆ ಹುಡುಗಿ ಹತ್ತಿರ ಬಂದಳು. ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಆಂಟಿ, ಏನ ತಗೋತೀರಿ? ಗುಳಿಗಿ ಏನ್ರಿ, ಪುಡಿ ಏನ್ರಿ?"

"ಏನೂ ಇಲ್ಲವ್ವಾ. ವಾರದಾಗ ಒಂದ ದಿನ ಜೋರ, ಒಂದ ದಿನ ದಿಬ್ಬ, ಉಳದದ್ದೆಲ್ಲ ನಿಧಾನ ಓಡ್ತೇನಿ. ಒಂದ ದಿನ ಸೂಟಿ."

ಅವಳು ತಲೆಯಾಡಿಸಿದಳು. ಬಾಳೆಹಣ್ಣು ಸುಲಿಯುತ್ತ ನನ್ನ ಕೈಚೀಲವನ್ನೇ ನೋಡುತ್ತಿದ್ದಳು. ಒಂದು ಮಾತನ್ನೂ ನಂಬಿರಲಿಲ್ಲ.