ಮೇಲಿನ ಟ್ಯಾಂಕು, ಕೆಳಗಿನ ಅತ್ತೆ

ಸೋನ್ಯಾಳದ ಅರ್ಧ ಊರಿನ ಹೆಂಗಸರ ತೋಳಿನ ಅಳತೆ ನನಗೆ ಬಾಯಿಪಾಠ. ಹೊಲಿಗೆ ನನ್ನ ಕಸುಬು. ಯಾರ ಭುಜ ಇಳಿಜಾರು, ಯಾರು ಹಬ್ಬ ಮುಗಿಸಿ ಒಂದಿಂಚು ಹಿಗ್ಗಿದ್ದಾರೆ ಎಂಬುದನ್ನು ಟೇಪು ಹಿಡಿಯುವ ಮೊದಲೇ ಹೇಳಬಲ್ಲೆ. ಇಂಥ ನಾನು ಮೀನಿನ ಟ್ಯಾಂಕುಗಳಿಗೆ ಕಬ್ಬಿಣದ ಸ್ಟ್ಯಾಂಡು ಮಾಡಿಸುವಾಗ ಗೋಡೆ ಅಳೆದೆ, ಗಾಜು ಅಳೆದೆ, ನನ್ನ ತೋಳನ್ನು ಮಾತ್ರ ಅಳೆಯಲಿಲ್ಲ. ಸ್ಟ್ಯಾಂಡು ಬಂದು ನಿಂತಿತು. ತುದಿಗಾಲಲ್ಲಿ ಕೈ ಚಾಚಿದರೂ ಮೇಲಿನ ಮೂರನೆಯ ಟ್ಯಾಂಕಿನ ಅಂಚು ಸಿಗಲಿಲ್ಲ.

ಮೂರು ಟ್ಯಾಂಕು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಾನು ಮೊದಲು ಕೊಂಡದ್ದು ಒಂದೇ. ಜತ್ತದಿಂದ ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಆದರೆ ಗಪ್ಪಿ ಮೀನಿಗೆ ಸಂಯಮವೆಂಬುದು ಗೊತ್ತಿಲ್ಲ. ಮರಿ ಹಾಕುತ್ತದೆ, ಹಾಕಿದ ಮರಿಯನ್ನು ತಾನೇ ತಿನ್ನಲು ಹೊರಡುತ್ತದೆ. ಹೀಗಾಗಿ ಮರಿಗಳಿಗೆ ಬೇರೆ ಮನೆ ಬಂತು. ಆಮೇಲೆ ಮೋಲಿ ಮೀನಿಗೆ ಗಡಸು ನೀರು ಒಗ್ಗುತ್ತದೆಂದು ಎಲ್ಲೋ ಓದಿದೆ. ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಬೇಳೆಗೆ ಒಗ್ಗದ ನೀರು ಒಬ್ಬರಿಗಾದರೂ ಒಗ್ಗಲಿ ಎಂದು ಅವನ್ನೂ ತಂದೆ. ನೆಲದಲ್ಲಿ ಜಾಗವಿರಲಿಲ್ಲ. ಒಂದು ಕಡೆ ನನ್ನ ಮಷೀನು, ಕಿಟಕಿಯ ಕೆಳಗೆ ಅತ್ತೆ ಮಲಗುವ ಹೊರಸು. ಸಂಸಾರ ಮೇಲಕ್ಕೆ ಬೆಳೆಯಿತು.

ತೂಕದ ವಿಷಯದಲ್ಲಿ ಮಾತ್ರ ನಾನು ಎಚ್ಚರ ತಪ್ಪಲಿಲ್ಲ. "ಮೀನಿಗಿ ಇಷ್ಟ ದಪ್ಪ ಪಟ್ಟಿ ಯಾಕ್ರಿ ಅಕ್ಕಾರ?" ಎಂದು ವೆಲ್ಡಿಂಗ್ ಅಂಗಡಿಯವನು ನಕ್ಕಾಗ, "ಮೀನಿಗಲ್ಲಪಾ, ನೀರಿಗಿ. ಒಂದು ಚೀಲ ಜ್ವಾಳ ಇಡೂದೈತಿ ಅಂತ ತಿಳಕೊ" ಎಂದೆ. ನೂರು ಲೀಟರ್ ನೀರೆಂದರೆ ಒಂದು ಕ್ವಿಂಟಲ್ಲೇ ತಾನೆ? ಭಾರದ ಟ್ಯಾಂಕು ತಳಕ್ಕೆ, ಮರಿಗಳ ಸಣ್ಣದು ಮೇಲಕ್ಕೆ. ಗಾಜಿನ ಕೆಳಗೆ ಥರ್ಮಾಕೋಲ್ ಹಾಸಿದೆ. ಪಂಪಿನ ವಾಯರು ಸ್ವಿಚ್ಚಿಗಿಂತ ಕೆಳಗೆ ಜೋತು ಬೀಳುವಂತೆ ಬಿಟ್ಟೆ. ನೀರು ಹನಿದರೆ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳಲಿ ಎಂದು. ಎಲ್ಲ ಬರೋಬ್ಬರಿ ಇತ್ತು, ನನ್ನ ಎತ್ತರವೊಂದನ್ನು ಬಿಟ್ಟು.

ಅತ್ತೆಗೆ ಮೀನು ಮನೆಗೆ ಬಂದದ್ದೇ ಸರಿಬಂದಿರಲಿಲ್ಲ. "ಲಿಂಗಾಯತರ ಮನ್ಯಾಗ ಮೀನ? ಮಂದಿ ಏನಂದಾರು?" ಎಂದಿದ್ದರು. "ನೋಡಾಕ್ರಿ, ತಿನ್ನಾಕಲ್ಲ" ಎಂದಿದ್ದೆ. ನಮ್ಮಿಬ್ಬರ ನಡುವೆ ಅದೇ ಎಲ್ಲಕ್ಕಿಂತ ಉದ್ದದ ಮಾತು. ಉಳಿದಂತೆ "ಉಂಡೇನು?", "ಉಂಡೆನ್ರಿ" ಅಷ್ಟೇ. ಜಗಳವಿರಲಿಲ್ಲ, ಜಗಳಕ್ಕೂ ಒಂದಿಷ್ಟು ಮಾತು ಬೇಕಲ್ಲ.

ಮರಿಗಳಿಗೆ ದಿನಾ ಊಟ ಹಾಕಬೇಕು. ನಮ್ಮ ಮನೆಯವರು ಮುಂಜಾನೆಯ ಬಸ್ಸಿಗೆ ಕೆಲಸಕ್ಕೆ ಹೋದ ಮೇಲೆ ಮಷೀನಿನ ಸ್ಟೂಲು ಎಳೆದು ಹತ್ತಿದೆ. ಅದು ಒಂದು ಕಾಲು ಕುಂಟುವ ಸ್ಟೂಲು. ಹಿಂದಿನಿಂದ ಯಾರೋ ಅದನ್ನು ಗಟ್ಟಿಯಾಗಿ ಹಿಡಿದರು. ನೋಡಿದರೆ ಅತ್ತೆ.

"ಸುಮಾ, ಮಾತಾಡ."

"ಏನ್ ಮಾತಾಡ್ಲಿರಿ ಅತ್ತಿ?"

"ಏನರ. ಸುಮ್ಮ ಆಗಬ್ಯಾಡ."

ಇಳಿದ ಮೇಲೆ ಕಾರಣ ಹೇಳಿದರು. ಅವರ ತವರಿನ ಅಂಗಳದಲ್ಲಿ ಹಗೇವು ಇತ್ತು, ನೆಲದೊಳಗೆ ತೋಡಿ ಜೋಳ ತುಂಬಿಡುವ ಗುಂಡಿ. ಬಹಳ ದಿನ ಮುಚ್ಚಿಟ್ಟರೆ ಅದರೊಳಗಿನ ಗಾಳಿ ಕೆಡುತ್ತದೆ. ಅದಕ್ಕೇ ಇಳಿದವನು ಮಾತಾಡುತ್ತಿರಬೇಕು, ಮೇಲಿನವರು ಓಗೊಡುತ್ತಿರಬೇಕು. ದನಿ ನಿಂತರೆ ಹಗ್ಗ ಎಳೆಯಬೇಕು. ಒಮ್ಮೆ ಇವರ ತಮ್ಮನ ದನಿ ನಿಂತಿತು. ಇವರು ಚೀರಿ ಮಂದಿ ಕೂಡಿಸಿ ಎಳೆಸಿದರು. ಆ ಮಾವ ಈಗಲೂ ಪಂಚಮಿಗೆ ಅಕ್ಕನನ್ನು ಕರೆಯಲು ಬರುತ್ತಾರೆ, ಬಂದರೆ ಬಾಯಿ ಮುಚ್ಚುವುದಿಲ್ಲ. ಯಾಕೆಂದು ನನಗೆ ಅಂದು ತಿಳಿಯಿತು.

ಹಗೇವಿಗೂ ಸ್ಟೂಲಿಗೂ ಏನು ಸಂಬಂಧ ಎಂದು ವಾದಿಸಬಹುದಿತ್ತು. ಅತ್ತೆಯ ಜೊತೆ ವಾದಿಸುವ ರೂಢಿ ನನಗಿರಲಿಲ್ಲ. ದಿನಾ ಹತ್ತಿದೆ, ದಿನಾ ಮಾತಾಡಿದೆ. ಮೊದಲು ಮರಿಗಳ ಸುದ್ದಿ: ಒಂದರ ಬಾಲಕ್ಕೆ ಬಣ್ಣ ಮೂಡಿದೆ, ಇನ್ನೊಂದು ಎಲ್ಲರ ಊಟ ಕಸಿಯುತ್ತದೆ. "ಅಂವಗ ಗೌಡಾ ಅನ್ನು" ಎಂದರು ಅತ್ತೆ. ಮೀನಿನ ಸುದ್ದಿ ಮುಗಿದಾಗ ಊರಿನದು, ಊರಿನದು ಮುಗಿದಾಗ ನನ್ನದು. ಗಾಜಿನ ಕಡೆ ಮುಖ ಮಾಡಿ ನಿಂತರೆ ಎದುರಿಗೆ ಹೇಳಲಾಗದ್ದೂ ಬಾಯಿಗೆ ಬರುತ್ತದೆ. ಒಂದು ದಿನ ಬಂದೇಬಿಟ್ಟಿತು.

"ಅತ್ತಿ, ನನ್ನ ನೋಡಾಕ ಬಂದಾಗ 'ಹುಡುಗಿ ಕುಳ್ಳಿ' ಅಂದಿದ್ರಿ. ನಾ ಒಳಗ ಕೇಳಿಸ್ಕೊಂಡಿದ್ದೆ."

ನನ್ನ ಕೈಯಲ್ಲಿದ್ದ ಊಟವೆಲ್ಲ ಒಮ್ಮೆಲೇ ನೀರಿಗೆ ಬಿತ್ತು.

"ಅಂದಿದ್ದೆ," ಎಂದರು. "ಖರೇನ ಐತಲ್ಲ? ಕುಳ್ಳಿ ಅದಿ ಅಂತನ ನಾ ಸ್ಟೂಲ ಹಿಡದ ನಿಂತೀನಿ."

ನನಗೆ ನಗು ಬಂತು. ಇಷ್ಟು ವರ್ಷ ಎದೆಯಲ್ಲಿ ಹೊತ್ತಿದ್ದ ಕಲ್ಲು ಕರಗುವುದಕ್ಕೆ ಕ್ಷಮೆಯೇ ಬೇಕೆಂದು ತಿಳಿದಿದ್ದೆ. ಬೇಕಾಗಲಿಲ್ಲ.

ಆದರೆ ಹಗೇವಿನ ನಿಯಮವನ್ನು ನಾವು ಅರ್ಧವೇ ಪಾಲಿಸುತ್ತಿದ್ದೆವು. ಎಚ್ಚರವೆಲ್ಲ ಹತ್ತಿದವಳ ಮೇಲೆ. ಕೆಳಗಿನ ದನಿ ನಿಂತರೆ ಎಂದು ಯಾರೂ ಯೋಚಿಸಿರಲಿಲ್ಲ. ಮೊನ್ನೆ ಬೇಸಿಗೆಯಲ್ಲಿ ನಾನು ಗೌಡನ ಪ್ರತಾಪ ಹೇಳುತ್ತಿದ್ದೆ. ಕೆಳಗಿನಿಂದ "ಹೂಂ" ಬರಲಿಲ್ಲ. ಇನ್ನೊಮ್ಮೆ ಕರೆದೆ. ಇಲ್ಲ. ಹೊರಳಿ ನೋಡಿದರೆ ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಾರೆ, ಮುಖ ಬೆವತಿದೆ, ಒಂದು ಕೈ ಮಾತ್ರ ಸ್ಟೂಲಿನ ಕಾಲನ್ನು ಬಿಟ್ಟಿಲ್ಲ. ಹೇಗೆ ಇಳಿದೆನೋ ತಿಳಿಯದು. ಭಾಳ ಹೆದರಿದೆ. ಡಾಕ್ಟರು ಬಿ.ಪಿ. ಏರಿದೆ ಎಂದರು, ಗುಳಿಗೆ ಬರೆದರು, ಹೆಚ್ಚು ಹೊತ್ತು ನಿಲ್ಲದೆ ಕೂತಿರಲು ಹೇಳಿದರು.

ಮೇಲಿನ ಟ್ಯಾಂಕು ಕೊಟ್ಟುಬಿಡುತ್ತೇನೆ ಎಂದೆ. ಮೀನಿಗಿಂತ ಮನುಷ್ಯರು ದೊಡ್ಡವರಲ್ಲವೇ? ಅತ್ತೆ ಕಿಟಕಿಯ ಕೆಳಗಿನ ತಮ್ಮ ಹೊರಸನ್ನು ತೋರಿಸಿದರು. ಮದುವೆಯಾಗಿ ಬಂದಾಗಿನಿಂದ ಅವರು ಯಾರಿಗೂ ಬಿಟ್ಟುಕೊಡದ ಗಾಳಿಯ ಜಾಗ ಅದು.

"ಇದನ್ನ ನಿನ್ನ ಮಷೀನದ ಬಾಜೂಕ ಸರಸು. ಗೌಡನ್ನ ಇಲ್ಲಿ ಕುಂದರಸು."

ಗೌಡ ಮತ್ತು ಒಡಹುಟ್ಟಿದವರು ಈಗ ಕಿಟಕಿಯ ಕೆಳಗೆ, ನೇರ ಬಿಸಿಲು ಬೀಳದಂತೆ ಕಟ್ಟಿದ ಪರದೆಯ ಮರೆಯಲ್ಲಿ, ನನ್ನ ಸೊಂಟದ ಎತ್ತರದಲ್ಲಿದ್ದಾರೆ. ಈ ಸಲ ತೋಳು ಅಳೆದೇ ಸ್ಟ್ಯಾಂಡು ಮಾಡಿಸಿದೆ. ಮೊದಲ ದಿನ ಸ್ವಿಚ್ಚು ಆರಿಸಿ, ನೆಲದ ಮೇಲೆ ಎರಡೂ ಕಾಲೂರಿ, ನೀರು ಬದಲಿಸತೊಡಗಿದೆ. ಹಿಂದೆ ಹೊರಸಿನಿಂದ ದನಿ ಬಂತು.

"ಯಾಕ ಸುಮ್ನಾದಿ?"

"ಕೆಳಗ ನಿಂತೀನ್ರಿ ಅತ್ತಿ. ಬೀಳೂದಿಲ್ಲ."

"ಕೆಳಗ ಇದ್ರ ಏನಾತು? ಮಾತಾಡ."

ಮಾತಾಡಿದೆ. ಈಗ ನಮ್ಮ ಮನೆಯಲ್ಲಿ ಸುಮ್ಮನಿರುವವು ಮೀನು ಮಾತ್ರ. ಅವೂ ಬಾಯಿ ಆಡಿಸುತ್ತಲೇ ಇರುತ್ತವೆ.